ಹಳೆಯ ಕಂಪ್ಯೂಟರಿಗೆ ಓದಲು ಬರುವ ಸಿ.ಡಿ.

ಮಲೆನಾಡಿನ ಒಂದು ಸಣ್ಣ ಊರಿನ ಮುದ್ರಣಾಲಯದಲ್ಲಿ ಇಂದಿಗೂ ವಿಂಡೋಸ್ 98 ನಡೆಯುತ್ತಿದೆ. ಪುಟ ವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್ 6.5, ಅದಕ್ಕೆ ಒಗ್ಗಿದ ಕನ್ನಡ ಫಾಂಟುಗಳು, ಇಪ್ಪತ್ತು ವರ್ಷಗಳ ಲಗ್ನಪತ್ರಿಕೆಗಳು, ರಸೀದಿ ಪುಸ್ತಕಗಳು, ಜಾತ್ರೆಯ ಕರಪತ್ರಗಳು ಎಲ್ಲವೂ ಆ ಒಂದೇ ಪೆಟ್ಟಿಗೆಯಲ್ಲಿವೆ. ಅದನ್ನು ಬದಲಾಯಿಸಿ ಎಂದು ಮಾಲೀಕರಿಗೆ ಹೇಳುವ ಧೈರ್ಯ ನನಗಿಲ್ಲ, ಹೇಳಿದರೂ ಅವರು ಕೇಳುವವರಲ್ಲ. ಸ್ಮರಣ ಸಂಚಿಕೆಯೊಂದರ ಕಡತಗಳನ್ನು ಅಲ್ಲಿಗೆ ತಲುಪಿಸುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಸಿ.ಡಿ. ಹಾಕಿದಾಗ ಡ್ರೈವ್ ನಾಲ್ಕು ಸಲ ಗೊರಗೊರ ಎಂದು ಸುಮ್ಮನಾಯಿತು. ಎರಡನೆಯದು ಒಮ್ಮೆ ಕಾಣಿಸಿಕೊಂಡು ಮಾಯವಾಯಿತು. ಮೂರನೆಯದರಲ್ಲಿ ಕಡತಗಳೇನೋ ಕಂಡವು, ಆದರೆ ಹೆಸರಿರಬೇಕಾದ ಕಡೆ ಬರೀ ಅಡಿಗೆರೆಗಳ ಸಾಲು, ಒಂದೂ ತೆರೆಯಲಿಲ್ಲ.

ಆ ಮೂರೂ ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಓದುತ್ತಿದ್ದವು. ಅಲ್ಲೇ ಎಡವಟ್ಟಾಗಿದ್ದು: ನನ್ನ ಯಂತ್ರ ಒಪ್ಪಿದರೆ ಸಾಕು ಎಂದುಕೊಂಡು ಬರೆದಿದ್ದೆ. ಓದಬೇಕಾದದ್ದು ಇಪ್ಪತ್ತೈದು ವರ್ಷದ ಮುದಿ ಡ್ರೈವ್ ಎಂಬುದು ತಲೆಗೆ ಹೋಗಲು ಮೂರು ಡಿಸ್ಕ್ ಮತ್ತು ಎರಡು ಬಸ್ ಪ್ರಯಾಣ ಬೇಕಾದವು. ಈಗ ಅನುಸರಿಸುತ್ತಿರುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಮುದ್ರಣಾಲಯವಷ್ಟೇ ಅಲ್ಲ, ಕಾರ್ಖಾನೆಯ ಯಂತ್ರಕ್ಕೆ ಅಂಟಿಕೊಂಡ ಹಳೆಯ ಕಂಪ್ಯೂಟರ್, ಮನೆಯ ಅಟ್ಟದಿಂದ ಇಳಿಸಿದ ಪೆಂಟಿಯಂ, ಹಳೆಯ ಆಟಗಳಿಗಾಗಿ ಜೋಪಾನ ಮಾಡಿದ, ವಿಂಡೋಸ್‌ಗೂ ಹಿಂದಿನ ಡಾಸ್ ನಡೆಸುವ ಯಂತ್ರ ಇವುಗಳಿಗೂ ಇದೇ ಕ್ರಮ ಹೊಂದುತ್ತದೆ.

ಪೆನ್ ಡ್ರೈವ್ ಏಕಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ವಿಂಡೋಸ್ 98ರಲ್ಲಿ ಪೆನ್ ಡ್ರೈವ್ ಗುರುತಿಸುವ ಸಾಮಾನ್ಯ ಡ್ರೈವರ್ (ಸಾಧನವನ್ನು ನಡೆಸುವ ಪುಟ್ಟ ತಂತ್ರಾಂಶ) ಇಲ್ಲ. ಆ ಸೌಕರ್ಯ ಬಂದದ್ದು ವಿಂಡೋಸ್ 2000 ಮತ್ತು ವಿಂಡೋಸ್ ಎಂಇ ಕಾಲಕ್ಕೆ. ವಿಂಡೋಸ್ 95 ಮತ್ತು ಡಾಸ್ ಮಾತಂತೂ ಬೇಡವೇ ಬೇಡ. ಎಕ್ಸ್‌ಪಿ ಇದ್ದರೆ ಪೆನ್ ಡ್ರೈವ್ ನಡೆಯುತ್ತದೆ, ಆದರೆ ಇಂದಿನ ದೊಡ್ಡ ಡ್ರೈವ್‌ಗಳು ಎಕ್ಸ್‌ಫ್ಯಾಟ್ ಎಂಬ ಕಡತ ಜೋಡಣೆಯ ವಿನ್ಯಾಸದಲ್ಲಿ ಬರುತ್ತವೆ, ಎಕ್ಸ್‌ಪಿಗೆ ಪ್ರತ್ಯೇಕ ಅಪ್‌ಡೇಟ್ ಹಾಕದೆ ಅದು ತಿಳಿಯುವುದಿಲ್ಲ. ಇನ್ನೊಂದು ವಿಚಾರ: ಊರೆಲ್ಲ ಸುತ್ತಿದ ಪೆನ್ ಡ್ರೈವ್ ತನ್ನ ಜೊತೆ ವೈರಸ್ಸನ್ನೂ ಹೊತ್ತು ತರುತ್ತದೆ, ಆ ಹಳೆಯ ಯಂತ್ರಕ್ಕೆ ರಕ್ಷಣೆ ಕೊಡುವ ತಂತ್ರಾಂಶ ಇಂದು ಸಿಗುವುದಿಲ್ಲ. ಒಮ್ಮೆ ಬರೆದು ಮುಚ್ಚಿದ, ಅಂದರೆ ಇನ್ನೇನೂ ಸೇರಿಸಲಾಗದಂತೆ ಮಾಡಿದ ಸಿ.ಡಿ.ಯ ಮೇಲೆ ಆ ಕಂಪ್ಯೂಟರ್ ಏನನ್ನೂ ಬರೆಯಲಾರದು. ಮುದ್ರಣಾಲಯದ ಯಂತ್ರದಲ್ಲಿ ಏನೇ ರೋಗವಿದ್ದರೂ ನನ್ನ ಮನೆಗೆ ಬರುವುದಿಲ್ಲ ಎಂಬ ಸಮಾಧಾನವೂ ಅದರಲ್ಲಿದೆ.

ಮೊದಲ ಕೆಲಸ: ಓದುವ ಯಂತ್ರವನ್ನು ನೋಡಿ ಬರುವುದು

ನೋಡಲು ಆಗದಿದ್ದರೆ ಫೋನಿನಲ್ಲಿ ಕೇಳಿ. ಕೇಳಬೇಕಾದವು ಎರಡೇ. ಯಾವ ವಿಂಡೋಸ್, ಅಥವಾ ಡಾಸ್ ಮಾತ್ರವೇ? ಡ್ರೈವಿನ ಮುಖದ ಮೇಲೆ ಏನು ಬರೆದಿದೆ? ಎರಡನೆಯ ಪ್ರಶ್ನೆಯನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಡ್ರೈವಿನ ತಟ್ಟೆಯ ಮೇಲೆ ಡಿ.ವಿ.ಡಿ. ಗುರುತು ಇಲ್ಲದಿದ್ದರೆ ಡಿ.ವಿ.ಡಿ. ಆಸೆಯನ್ನು ಅಲ್ಲೇ ಬಿಡಬೇಕು. ಸಿ.ಡಿ. ಓದುವ ಲೇಸರಿನ ತರಂಗಾಂತರ 780 ನ್ಯಾನೋಮೀಟರ್, ಡಿ.ವಿ.ಡಿ.ಯದು 650. ಸಿ.ಡಿ. ಡ್ರೈವಿನ ಕಣ್ಣಿಗೆ ಡಿ.ವಿ.ಡಿ.ಯ ಸಣ್ಣ ಗೆರೆಗಳು ಕಾಣುವುದೇ ಇಲ್ಲ, ಯಾವ ತಂತ್ರಾಂಶ ಹಾಕಿದರೂ ಕಾಣುವುದಿಲ್ಲ. ಇದಕ್ಕೊಂದು ತಮಾಷೆಯ ತಿರುವೂ ಇದೆ: ಮೊಟ್ಟಮೊದಲ ತಲೆಮಾರಿನ ಕೆಲವು ಡಿ.ವಿ.ಡಿ. ಡ್ರೈವ್‌ಗಳು ಅಂಗಡಿಯಲ್ಲಿ ಕೊಂಡ ಅಚ್ಚಿನ ಸಿ.ಡಿ.ಯನ್ನು ಓದುತ್ತಿದ್ದವು, ನಾವು ಬರೆದ ಸಿ.ಡಿ.-ಆರ್ ಓದುತ್ತಿರಲಿಲ್ಲ. ಸಿ.ಡಿ.-ಆರ್‌ನ ಬಣ್ಣದ ಪದರ 780ರ ಬೆಳಕಿಗೆಂದು ಮಾಡಿದ್ದು; 650ರ ಬೆಳಕನ್ನು ಅದು ಹೀರಿಬಿಡುತ್ತದೆ. ಆಮೇಲೆ ಬಂದ ಡ್ರೈವ್‌ಗಳಲ್ಲಿ ಎರಡೂ ಲೇಸರ್ ಇಟ್ಟರು.

ಯಂತ್ರ ಯಾವುದೆಂದು ತಿಳಿದ ಮೇಲೆ ನಿಮ್ಮ ಮಿತಿಯೂ ತಿಳಿಯುತ್ತದೆ. ಡಾಸ್ ಅಥವಾ ವಿಂಡೋಸ್ 3.1 ಇದ್ದರೆ ಕಡತದ ಹೆಸರು ಎಂಟು ಅಕ್ಷರ, ಚುಕ್ಕೆ, ಮೂರು ಅಕ್ಷರ. ಅದರಾಚೆ ಒಂದಕ್ಷರವೂ ಇಲ್ಲ. ವಿಂಡೋಸ್ 95, 98, ಎನ್‌ಟಿ 4 ಇದ್ದರೆ ಉದ್ದ ಹೆಸರು ಓದುತ್ತವೆ, ಆದರೆ ಕನ್ನಡ ಲಿಪಿಯ ಹೆಸರು ಅವುಗಳ ಮಟ್ಟಿಗೆ ಅಪಾಯ. ವಿಂಡೋಸ್ 2000 ಮತ್ತು ಎಕ್ಸ್‌ಪಿ ಬಹಳಷ್ಟನ್ನು ಸಹಿಸಿಕೊಳ್ಳುತ್ತವೆ. ಯಾವುದೆಂದು ಗೊತ್ತಾಗದಿದ್ದರೆ ಡಾಸ್ ಎಂದೇ ತಿಳಿದು ಬರೆಯಿರಿ. ಡಾಸ್ ಓದಿದ್ದನ್ನು ಉಳಿದವರೆಲ್ಲ ಓದುತ್ತಾರೆ.

ಡಿಸ್ಕ್ ಕೊಳ್ಳುವಾಗ

ಖಾಲಿ ಸಿ.ಡಿ. ಈಗ ಪೇಟೆಯಲ್ಲಿ ಕಷ್ಟದಿಂದ ಸಿಗುತ್ತದೆ. ನಮ್ಮ ದೇಶದಲ್ಲೇ ಗ್ರೇಟರ್ ನೊಯ್ಡಾದಲ್ಲಿ ಡಿಸ್ಕ್ ತಯಾರಿಸುತ್ತಿದ್ದ ಮೋಸರ್ ಬೇರ್ 2018ರಲ್ಲಿ ಮುಚ್ಚುವ ಪ್ರಕ್ರಿಯೆಗೆ ಹೋಯಿತು. ಜಪಾನಿನಲ್ಲಿ ಒಳ್ಳೆಯ ಡಿಸ್ಕ್‌ಗಳಿಗೆ ಹೆಸರಾಗಿದ್ದ ತೈಯೊ ಯುಡೆನ್ 2015ರಲ್ಲೇ ಈ ವ್ಯಾಪಾರ ಬಿಟ್ಟಿತು. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ, ಅಥವಾ ನಿಮ್ಮ ಊರಿನ ಹಳೆಯ ಫೋಟೋ ಸ್ಟುಡಿಯೋದ ಕಪಾಟಿನಲ್ಲಿ ಇನ್ನೂ ಉಳಿದಿರಬಹುದು. ಕೊಳ್ಳುವಾಗ ಮೂರು ಸಂಗತಿ ನೋಡುತ್ತೇನೆ.

ಸಿ.ಡಿ.-ಆರ್ ಆಗಿರಬೇಕು, ಸಿ.ಡಿ.-ಆರ್‌ಡಬ್ಲ್ಯು ಆಗಬಾರದು. ಅಳಿಸಿ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯು ಡಿಸ್ಕ್ ಬೆಳಕನ್ನು ಬಹಳ ಕಡಿಮೆ ಹಿಂತಿರುಗಿಸುತ್ತದೆ: ಅಚ್ಚಿನ ಸಿ.ಡಿ. ಮತ್ತು ಸಿ.ಡಿ.-ಆರ್ ಸುಮಾರು ಮುಕ್ಕಾಲು ಭಾಗ ಹಿಂತಿರುಗಿಸಿದರೆ ಇದು 15ರಿಂದ 25 ಪ್ರತಿಶತ. 1997ರ ಸುಮಾರಿಗೆ ಮಲ್ಟಿರೀಡ್ ಎಂಬ ನಿಯಮ ಬಂದ ಮೇಲೆ ತಯಾರಾದ ಡ್ರೈವ್‌ಗಳು ಇದನ್ನು ಓದುತ್ತವೆ, ಅದಕ್ಕೂ ಹಿಂದಿನವು ಓದುವುದಿಲ್ಲ. ಓದಬೇಕಾದ ಡ್ರೈವ್‌ಗೂ ವಯಸ್ಸಾಗಿ ಲೇಸರ್ ಸೊರಗಿದ್ದರೆ ಕಣ್ಣಿಗೆ ಪೊರೆ ಬಂದವರಿಗೆ ಮಸುಕು ಬರಹ ಕೊಟ್ಟ ಹಾಗೆ. ನನ್ನ ಎರಡನೆಯ ಡಿಸ್ಕ್ ಕಾಣಿಸಿ ಮಾಯವಾದದ್ದು ಇದೇ ಕಾರಣಕ್ಕೆ. ದುಡ್ಡು ಉಳಿಸಲು ಹೋಗಿ ಆರ್‌ಡಬ್ಲ್ಯು ಒಯ್ದಿದ್ದೆ.

650 ಎಂಬಿಯ, ಅಂದರೆ 74 ನಿಮಿಷದ ಡಿಸ್ಕ್ ಸಿಕ್ಕರೆ ಕಣ್ಣುಮುಚ್ಚಿ ಕೊಳ್ಳಿ. ಈಗ ಸಿಗುವುದು ಬಹುತೇಕ 700 ಎಂಬಿಯ 80 ನಿಮಿಷದ್ದು. ಹೆಚ್ಚು ಮಾಹಿತಿ ಹಿಡಿಸಲು ಅದರಲ್ಲಿ ಸುರುಳಿಯ ಸುತ್ತುಗಳನ್ನು ಇನ್ನಷ್ಟು ಒತ್ತೊತ್ತಾಗಿ ಹಾಕಿರುತ್ತಾರೆ; ತೀರಾ ಹಳೆಯ ಕೆಲವು ಡ್ರೈವ್‌ಗಳು ಅದರ ಮೇಲೆ ತಡವರಿಸುತ್ತವೆ. 700ರದ್ದೇ ಗತಿಯಾದರೆ ಪೂರ್ತಿ ತುಂಬಬೇಡಿ. ಸಿ.ಡಿ.ಯಲ್ಲಿ ಬರಹ ಒಳಗಿನಿಂದ ಶುರುವಾಗಿ ಹೊರಗೆ ಸಾಗುತ್ತದೆ. ಬೆರಳು ತಾಗುವುದು, ಡಿಸ್ಕ್ ಬಾಗುವುದು, ಅಂಚು ಸವೆಯುವುದು ಎಲ್ಲವೂ ಹೊರಗೆ. 500 ಎಂಬಿಯ ಒಳಗೆ ನಿಲ್ಲಿಸಿದರೆ ಆ ಕೆಟ್ಟ ಜಾಗಕ್ಕೆ ಹೋಗುವ ಪ್ರಮೇಯವೇ ಬರುವುದಿಲ್ಲ. ಎರಡು ಡಿಸ್ಕ್ ಹೆಚ್ಚಾದರೆ ಆಗಲಿ.

ಡಿಸ್ಕಿನ ಬಣ್ಣದ ಬಗ್ಗೆ ಒಂದು ಮಾತು, ಅದು ಒಳಗಿನ ಪದರದ ರಾಸಾಯನಿಕವನ್ನು ಹೇಳುತ್ತದೆ. ಅಡಿಭಾಗ ತಿಳಿ ಬಂಗಾರ ಅಥವಾ ಬೆಳ್ಳಿಯಂತಿದ್ದರೆ ಸಾಮಾನ್ಯವಾಗಿ ಥಾಲೋಸಯನೀನ್, ಹಸಿರು ನೀಲಿ ಇದ್ದರೆ ಸಯನೀನ್, ಕಡು ನೀಲಿ ಇದ್ದರೆ ಅಜೋ. ಯಾವುದು ಮೇಲು ಎಂದು ಜಗಳವಾಡುವವರಿದ್ದಾರೆ. ನನ್ನ ಮಟ್ಟಿಗೆ, ಓದುವ ಡ್ರೈವ್ ಯಾವುದನ್ನು ಇಷ್ಟಪಡುತ್ತದೋ ಅದು ಮೇಲು. ಬೇರೆ ಬೇರೆ ಬಣ್ಣದ ಎರಡು ಡಿಸ್ಕ್‌ಗಳಲ್ಲಿ ಅದೇ ಕಡತಗಳನ್ನು ಬರೆದು ಒಯ್ಯುವ ಅಭ್ಯಾಸ ಮಾಡಿಕೊಂಡಿದ್ದೇನೆ. ಒಂದು ಮುನಿಸಿಕೊಂಡರೆ ಇನ್ನೊಂದು ಕೈ ಹಿಡಿಯುತ್ತದೆ.

ಕಡತಗಳನ್ನು ಹಳೆಯ ಕಾಲಕ್ಕೆ ಇಳಿಸುವುದು

ಡಿಸ್ಕ್ ಓದಿದರೆ ಸಾಲದು, ಒಳಗಿನ ಕಡತ ತೆರೆಯಬೇಕು. ಕನ್ನಡದವರು ಹೆಚ್ಚಾಗಿ ಮುಗ್ಗರಿಸುವುದು ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಇಂದು ನಾವು ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ಬರೆಯುವುದು ಯೂನಿಕೋಡ್ ಕನ್ನಡ, ಅಂದರೆ ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ. ವಿಂಡೋಸ್‌ನಲ್ಲಿ ಯೂನಿಕೋಡ್ ಕನ್ನಡಕ್ಕೆ ಸರಿಯಾದ ಬೆಂಬಲ ಬಂದದ್ದು ಎಕ್ಸ್‌ಪಿಯಿಂದ. ಅದರ ಜೊತೆ ಬಂದ ಕನ್ನಡ ಫಾಂಟಿಗೆ ತುಂಗಾ ಎಂದು ನಮ್ಮ ನದಿಯ ಹೆಸರಿಟ್ಟದ್ದು ನೋಡಿ ಆಗ ಖುಷಿಪಟ್ಟಿದ್ದೆ. ಎಕ್ಸ್‌ಪಿಯಲ್ಲಿ ಕೂಡ ಕಂಟ್ರೋಲ್ ಪ್ಯಾನೆಲ್ಲಿನ ಭಾಷೆಯ ವಿಭಾಗಕ್ಕೆ ಹೋಗಿ ಸಂಕೀರ್ಣ ಲಿಪಿಗಳ ಬೆಂಬಲವನ್ನು ಹಾಕಿಕೊಳ್ಳಬೇಕಿತ್ತು. ವಿಂಡೋಸ್ 98ಕ್ಕೆ ಯೂನಿಕೋಡ್ ಕನ್ನಡ ಕೊಟ್ಟರೆ ಚೌಕಗಳು ಅಥವಾ ಪ್ರಶ್ನಾರ್ಥಕ ಚಿಹ್ನೆಗಳೇ ಗತಿ. ಪೇಜ್‌ಮೇಕರ್ ಅಂತೂ ತನ್ನ ಕೊನೆಯ ಆವೃತ್ತಿಯವರೆಗೂ ಯೂನಿಕೋಡ್ ಕಲಿಯಲೇ ಇಲ್ಲ. ಹಾಗಾಗಿ ಅಂತಹ ಯಂತ್ರಕ್ಕೆ ಪಠ್ಯ ಕಳಿಸುವ ಮುನ್ನ ಅದನ್ನು ಅಲ್ಲಿನ ಫಾಂಟಿಗೆ ಹೊಂದುವ ಹಳೆಯ ಸಂಕೇತಕ್ಕೆ, ನಾವೆಲ್ಲ ಆಸ್ಕಿ ಎಂದು ಕರೆಯುವುದಕ್ಕೆ, ಬದಲಾಯಿಸಬೇಕು. ನುಡಿ ಮತ್ತು ಬರಹ ತಂತ್ರಾಂಶಗಳಲ್ಲಿ ಈ ಪರಿವರ್ತನೆಯ ಸೌಲಭ್ಯವಿದೆ. ಮುದ್ರಣಾಲಯದಲ್ಲಿ ಇರುವುದು ನುಡಿಯೋ, ಬರಹವೋ, ಶ್ರೀಲಿಪಿಯೋ ಎಂದು ಮೊದಲೇ ಕೇಳಿಕೊಳ್ಳಿ. ಒಂದರ ಸಂಕೇತ ಇನ್ನೊಂದಕ್ಕೆ ಹೊಂದದಿದ್ದರೆ ಓದಲು ಬಾರದ ಕಲಸುಮೇಲೋಗರ ಬರುತ್ತದೆ. ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅರ್ಕಾವೊತ್ತು, ಅಂಕಿಗಳನ್ನು ಕಣ್ಣಿಟ್ಟು ನೋಡಿ. ಅರ್ಕಾವೊತ್ತು ತಪ್ಪಿ ‘ಕಾರ್ಯಕ್ರಮ’ದ ರೂಪ ಕೆಟ್ಟರೆ ಸಂಚಿಕೆಯ ತುಂಬ ಅದೇ ತಪ್ಪು ಅಚ್ಚಾಗುತ್ತದೆ.

ಉಳಿದ ಕಡತಗಳ ವಿಷಯ ಬೇಗ ಮುಗಿಯುತ್ತದೆ. ವರ್ಡ್ ಕಡತಗಳನ್ನು 97-2003 ರೂಪದಲ್ಲಿ ಉಳಿಸಿ. ಪಿ.ಡಿ.ಎಫ್. ಕಳಿಸುವುದಾದರೆ 1.3 ಅಥವಾ 1.4 ಆವೃತ್ತಿಯಲ್ಲಿ ಮಾಡಿ; ಮೊದಲನೆಯದನ್ನು ಅಕ್ರೊಬ್ಯಾಟ್ 4, ಎರಡನೆಯದನ್ನು ಅಕ್ರೊಬ್ಯಾಟ್ 5 ಓದುತ್ತದೆ. ಚಿತ್ರಗಳಿಗೆ ಸಾದಾ ಜೆಪೆಗ್ ಅಥವಾ ಟಿಫ್ ಸಾಕು. ಐಫೋನಿನಿಂದ ಬರುವ ಹೀಕ್, ವೆಬ್‌ಪಿ ಮುಂತಾದವನ್ನು ಮುದ್ರಣಾಲಯದ ಯಂತ್ರ ತನ್ನ ಜನ್ಮದಲ್ಲಿ ಕೇಳಿಲ್ಲ. ಜಿಪ್ ಮಾಡುವ ಅಭ್ಯಾಸ ಇಲ್ಲಿ ಬೇಡ. ಬಿಚ್ಚುವ ತಂತ್ರಾಂಶ ಅಲ್ಲಿ ಇದೆಯೋ ಇಲ್ಲವೋ.

ಹೆಸರಿಡುವ ಕಲೆ

1985ರ ಕೊನೆಗೆ ಅಮೆರಿಕದ ಟಾಹೊ ಸರೋವರದ ಬಳಿಯ ಹೈ ಸಿಯೆರಾ ಎಂಬ ಹೋಟೆಲ್ಲಿನಲ್ಲಿ ಕಂಪ್ಯೂಟರ್ ಕಂಪನಿಗಳ ಪ್ರತಿನಿಧಿಗಳು ಸೇರಿ ಎಲ್ಲ ಕಂಪ್ಯೂಟರುಗಳೂ ಓದುವಂತೆ ಸಿ.ಡಿ.ಯಲ್ಲಿ ಕಡತಗಳನ್ನು ಜೋಡಿಸುವ ಒಂದು ಕ್ರಮಕ್ಕಾಗಿ ಕೂತರು. ಆ ಕ್ರಮಕ್ಕೆ ಹೋಟೆಲ್ಲಿನ ಹೆಸರೇ ನಿಂತಿತು. ಅದನ್ನೇ ತಿದ್ದಿ 1988ರಲ್ಲಿ ಐಎಸ್‌ಒ 9660 ಎಂಬ ಮಾನದಂಡ ಮಾಡಿದರು. ಡಾಸ್, ಯುನಿಕ್ಸ್, ಮ್ಯಾಕ್ ಎಲ್ಲರೂ ಒಪ್ಪಬೇಕಿತ್ತು, ಆದ್ದರಿಂದ ಎಲ್ಲರಿಗಿಂತ ಬಡವನಾದ ಡಾಸ್‌ನ ಮಿತಿಗಳೇ ಅದರ ಮೊದಲ ಹಂತದ ನಿಯಮಗಳಾದವು. ಆ ಹಂತದಲ್ಲಿ ಬಳಸಬಹುದಾದ ಅಕ್ಷರಗಳು ಇಂಗ್ಲಿಷಿನ ದೊಡ್ಡಕ್ಷರಗಳು, 0ರಿಂದ 9ರವರೆಗಿನ ಅಂಕಿಗಳು, ಅಡಿಗೆರೆ ಇಷ್ಟೇ. ಖಾಲಿ ಜಾಗ ಬೇಡ, ಅಡ್ಡಗೆರೆ ಬೇಡ, ಆವರಣ ಬೇಡ, ಎರಡನೆಯ ಚುಕ್ಕೆ ಬೇಡ. ಫೋಲ್ಡರಿನ ಹೆಸರಿಗೆ ಎಂಟು ಅಕ್ಷರ, ಚುಕ್ಕೆಯೇ ಇಲ್ಲ. ಒಂದರೊಳಗೊಂದು ಫೋಲ್ಡರ್ ಇಡುವುದಾದರೆ ಎಂಟು ಮಟ್ಟದ ಆಚೆಗೆ ಹೋಗುವಂತಿಲ್ಲ.

ಈ ಬಡತನ ತಾಳಲಾರದೆ ಆಮೇಲೆ ವಿಸ್ತರಣೆಗಳು ಬಂದವು. ಯುನಿಕ್ಸ್ ಕಡೆಯವರು ರಾಕ್ ರಿಡ್ಜ್ ಮಾಡಿದರು. ವಿಂಡೋಸ್ 95ರ ಕಾಲಕ್ಕೆ ಮೈಕ್ರೋಸಾಫ್ಟ್ ಜೋಲಿಯೆಟ್ ತಂದಿತು. ಇದರಲ್ಲಿ 64 ಅಕ್ಷರಗಳವರೆಗೆ ಹೆಸರಿಡಬಹುದು, ಕನ್ನಡವೂ ಸೇರಿ ಬೇರೆ ಲಿಪಿಗಳಲ್ಲೂ ಇಡಬಹುದು. ಒಂದು ಡಿಸ್ಕಿನಲ್ಲಿ ಎರಡು ಪಟ್ಟಿಗಳು ಇರುತ್ತವೆ ಎಂದುಕೊಳ್ಳಿ: ಒಂದು ಐಎಸ್‌ಒ ಪಟ್ಟಿ, ಗಿಡ್ಡ ಹೆಸರಿನದು, ಇನ್ನೊಂದು ಜೋಲಿಯೆಟ್ ಪಟ್ಟಿ, ಉದ್ದ ಹೆಸರಿನದು. ಕಡತ ಒಂದೇ, ಅದನ್ನು ತೋರಿಸುವ ಬೆರಳುಗಳು ಎರಡು. ವಿಂಡೋಸ್ 98 ಕಂಪ್ಯೂಟರನ್ನು ಡಾಸ್ ಸ್ಥಿತಿಯಲ್ಲಿ ಇಟ್ಟು ನೋಡಿದರೆ ಮೊದಲ ಪಟ್ಟಿ ಕಾಣುತ್ತದೆ, ವಿಂಡೋಸ್ ಒಳಗೆ ಎರಡನೆಯದು ಕಾಣುತ್ತದೆ. ನನ್ನ ಮೂರನೆಯ ಡಿಸ್ಕಿನಲ್ಲಿ ‘ಅಧ್ಯಕ್ಷರ ಮಾತು’, ‘ಸಂಪಾದಕೀಯ’ ಎಂದೆಲ್ಲ ಕನ್ನಡದಲ್ಲೇ ಹೆಸರಿಟ್ಟಿದ್ದೆ. ಜೋಲಿಯೆಟ್ ಅದನ್ನು ಹಿಡಿದುಕೊಂಡಿತ್ತು, ಆದರೆ ವಿಂಡೋಸ್ 98ಕ್ಕೆ ಆ ಅಕ್ಷರಗಳು ಗೊತ್ತಿರಲಿಲ್ಲ. ಅಡಿಗೆರೆ ತೋರಿಸಿ ಕೈ ಚೆಲ್ಲಿತು.

ಉದ್ದ ಹೆಸರನ್ನು ಗಿಡ್ಡ ಮಾಡುವ ಕೆಲಸವನ್ನು ತಂತ್ರಾಂಶಕ್ಕೆ ಬಿಡಬೇಡಿ. ಅದು ‘ಲೇಖನ ಒಂದು’, ‘ಲೇಖನ ಎರಡು’ ಎಂಬ ಹತ್ತು ಕಡತಗಳ ಬಾಲ ಕತ್ತರಿಸಿ ಯಾವುದು ಯಾವುದೆಂದು ತಿಳಿಯದ ಹಾಗೆ ಮಾಡುತ್ತದೆ. ಪೇಜ್‌ಮೇಕರ್ ಪುಟಕ್ಕೆ ಜೋಡಿಸಿದ ಚಿತ್ರಗಳಂತೂ ಹೆಸರು ಬದಲಾದರೆ ಕೊಂಡಿ ಕಳಚಿಕೊಳ್ಳುತ್ತವೆ. ಪುಟ ವಿನ್ಯಾಸಕ್ಕೆ ಕೂರುವ ಮೊದಲೇ ಎಂಟಕ್ಷರದೊಳಗಿನ ಇಂಗ್ಲಿಷ್ ಹೆಸರಿಡಿ: ಲೇಖನಕ್ಕೆ ಎಲ್‌ಕೆ01, ಎಲ್‌ಕೆ02, ಚಿತ್ರಕ್ಕೆ ಸಿಟಿ01, ಸಿಟಿ02. ಹೆಸರು ನೋಡಿದರೆ ಏನೂ ಅರ್ಥವಾಗದು ಎನ್ನುವುದಾದರೆ ಒಂದು ಹಾಳೆಯಲ್ಲಿ ಪಟ್ಟಿ ಬರೆದು ಸಿ.ಡಿ. ಡಬ್ಬಿಯಲ್ಲಿ ಇಡಿ. ಕಾಗದ ಓದಲು ಯಾವ ಡ್ರೈವರೂ ಬೇಡ.

ಬರೆಯುವ ಹೊತ್ತು

ಹೊಸ ಲ್ಯಾಪ್‌ಟಾಪಿನಲ್ಲಿ ಡ್ರೈವ್ ಇರುವುದಿಲ್ಲ, ಯುಎಸ್‌ಬಿ ಮೂಲಕ ಹಾಕುವ ಹೊರಗಿನ ಡಿ.ವಿ.ಡಿ. ರೈಟರ್ ಬೇಕು. ಅದನ್ನು ನೇರವಾಗಿ ಲ್ಯಾಪ್‌ಟಾಪಿಗೇ ಚುಚ್ಚಿ. ನಾಲ್ಕು ಬಾಯಿಯ ಹಬ್ ಮೂಲಕ ಕೊಟ್ಟರೆ ಬರೆಯುವ ಹೊತ್ತಿಗೆ ಸಾಕಷ್ಟು ವಿದ್ಯುತ್ ಸಿಗದೆ ಅರ್ಧಕ್ಕೆ ನಿಂತೀತು.

ವಿಂಡೋಸ್ 10 ಅಥವಾ 11ರಲ್ಲಿ ಖಾಲಿ ಡಿಸ್ಕ್ ಹಾಕಿದಾಗ ಒಂದು ಕಿಟಕಿ ತೆರೆಯುತ್ತದೆ. ಅದರಲ್ಲಿ ಎರಡು ಆಯ್ಕೆಗಳು: ಯುಎಸ್‌ಬಿ ಫ್ಲ್ಯಾಶ್ ಡ್ರೈವಿನಂತೆ ಬಳಸುವುದು, ಸಿ.ಡಿ. ಅಥವಾ ಡಿ.ವಿ.ಡಿ. ಪ್ಲೇಯರಿಗಾಗಿ ಬರೆಯುವುದು. ಮೊದಲನೆಯದು ಆಕರ್ಷಕವಾಗಿ ಕಾಣುತ್ತದೆ, ಅದನ್ನು ಮುಟ್ಟಬೇಡಿ. ಅದು ಯುಡಿಎಫ್ ಎಂಬ ಬೇರೆಯದೇ ವಿನ್ಯಾಸದಲ್ಲಿ ಬರೆಯುತ್ತದೆ. ವಿಂಡೋಸ್ 98ಕ್ಕೆ ಯುಡಿಎಫ್‌ನ 1.02 ಆವೃತ್ತಿ ಮಾತ್ರ ಗೊತ್ತು, ಇದು ಬರೆಯುವುದು ಅದಕ್ಕಿಂತ ಹೊಸದು. ನನ್ನ ಮೊದಲ ಡಿಸ್ಕ್ ಗೊರಗೊರ ಎಂದದ್ದರ ಗುಟ್ಟು ಇದು. ಎರಡನೆಯ ಆಯ್ಕೆ ವಿಂಡೋಸ್ 2000 ಅಥವಾ ಎಕ್ಸ್‌ಪಿಗೆ ಸಾಕು. ಅದಕ್ಕೂ ಹಳೆಯ ಯಂತ್ರಕ್ಕಾದರೆ ಪ್ರತ್ಯೇಕ ತಂತ್ರಾಂಶ ಬಳಸುವುದೇ ಮೇಲು.

ನಾನು ವಿಂಡೋಸ್‌ನಲ್ಲಿ ಇಮ್ಗ್‌ಬರ್ನ್, ಲಿನಕ್ಸ್‌ನಲ್ಲಿ ಕೆ3ಬಿ ಬಳಸುತ್ತೇನೆ. ಎರಡೂ ಉಚಿತ. ಇಂತಹ ಉಚಿತ ತಂತ್ರಾಂಶಗಳನ್ನು ಹಾಕಿಕೊಳ್ಳುವಾಗ ಜೊತೆಗೆ ಇನ್ನೇನೋ ಅಂಟಿಕೊಂಡು ಬರುವುದುಂಟು, ಪ್ರತಿ ಪರದೆಯನ್ನೂ ಓದಿ ಮುಂದುವರಿಯಿರಿ. ಯಾವ ತಂತ್ರಾಂಶವೇ ಆಗಲಿ, ಮಾಡಬೇಕಾದ್ದು ಇದೇ ಸರಣಿಯಲ್ಲಿ:

1. ಕಡತಗಳಿಂದ ಡಿಸ್ಕ್ ಬರೆಯುವ ಆಯ್ಕೆಯನ್ನು ತೆರೆದು ಫೋಲ್ಡರನ್ನು ಎಳೆದು ಹಾಕಿ.

2. ಫೈಲ್ ಸಿಸ್ಟಮ್ ಎಂದಿರುವ ಕಡೆ ಐಎಸ್‌ಒ 9660 ಮತ್ತು ಜೋಲಿಯೆಟ್ ಎರಡನ್ನೂ ಆರಿಸಿ. ಯುಡಿಎಫ್ ಗುರುತು ಇದ್ದರೆ ತೆಗೆಯಿರಿ. ಶುದ್ಧ ಡಾಸ್ ಯಂತ್ರವಾದರೆ ಜೋಲಿಯೆಟ್ ಇದ್ದರೂ ತೊಂದರೆಯಿಲ್ಲ, ಡಾಸ್ ಅದನ್ನು ನೋಡುವುದೇ ಇಲ್ಲ.

3. ಐಎಸ್‌ಒ ಹಂತವನ್ನು ಕೇಳುವ ಕಡೆ ಲೆವೆಲ್ 1 ಆರಿಸಿ. ಈ ಆಯ್ಕೆ ಸಾಮಾನ್ಯವಾಗಿ ಒಳಗೆಲ್ಲೋ ಅಡಗಿರುತ್ತದೆ. ಇಮ್ಗ್‌ಬರ್ನ್‌ನಲ್ಲಿ ಅಡ್ವಾನ್ಸ್ಡ್ ವಿಭಾಗದ ನಿರ್ಬಂಧಗಳ ಪುಟದಲ್ಲಿದೆ. ಲೆವೆಲ್ 2 ಎಂದರೆ 31 ಅಕ್ಷರಗಳ ಹೆಸರು, ಡಾಸ್ ಅದನ್ನು ನುಂಗಲಾರದು.

4. ಡಿಸ್ಕಿಗೆ ಹೆಸರಿಡುವಾಗ ಹನ್ನೊಂದು ಅಕ್ಷರ ಮೀರಬೇಡಿ, ದೊಡ್ಡಕ್ಷರ ಮತ್ತು ಅಂಕಿ ಮಾತ್ರ. ದಿನಾಂಕ ಸೇರಿಸಿದರೆ ಆಮೇಲೆ ಹುಡುಕುವುದು ಸುಲಭ.

5. ಮೋಡ್ 1 ಮತ್ತು ಮೋಡ್ 2 ಎಂಬ ಆಯ್ಕೆ ಕಂಡರೆ ಮೋಡ್ 1 ಇರಲಿ. ತೊಂಬತ್ತರ ದಶಕದ ಆರಂಭದ ಕೆಲವು ಡ್ರೈವ್‌ಗಳಿಗೆ ಇನ್ನೊಂದು ತಿಳಿಯದು.

6. ಒಂದೇ ಸೆಷನ್ (ಒಂದೇ ಸಲದ ಬರಹ), ಡಿಸ್ಕ್-ಅಟ್-ಒನ್ಸ್ (ನಡುವೆ ನಿಲ್ಲಿಸದೆ ಇಡೀ ಡಿಸ್ಕ್ ಬರೆಯುವುದು), ಬರೆದ ಮೇಲೆ ಡಿಸ್ಕನ್ನು ಮುಚ್ಚುವುದು. ಈ ಮೂರೂ ಒಂದೇ ಮಾತಿನ ಮೂರು ಮುಖಗಳು.

7. ವೇಗ 16 ಪಟ್ಟು. ಒಂದು ಪಟ್ಟು ಎಂದರೆ ಸೆಕೆಂಡಿಗೆ 150 ಕಿಲೋಬೈಟ್.

8. ಬರೆದ ನಂತರ ಪರೀಕ್ಷಿಸುವ ಗುರುತನ್ನು ಹಾಕಿ, ಬರ್ನ್ ಒತ್ತಿ, ಆ ಹತ್ತು ನಿಮಿಷ ಮೇಜು ಅಲುಗಾಡಿಸದೆ ಕಾಫಿ ಕುಡಿದು ಬನ್ನಿ.

ಆರನೆಯದನ್ನು ಬಿಡಿಸಿ ಹೇಳಬೇಕು. ಇವತ್ತು ಸ್ವಲ್ಪ, ನಾಳೆ ಸ್ವಲ್ಪ ಎಂದು ಒಂದೇ ಸಿ.ಡಿ.ಗೆ ಸೇರಿಸುತ್ತ ಹೋಗುವುದು ಮಲ್ಟಿಸೆಷನ್. ಹಾಗೆ ಬರೆದ ಡಿಸ್ಕಿನಲ್ಲಿ ಹಳೆಯ ಡ್ರೈವ್ ಮೊದಲ ಸೆಷನ್ ಮಾತ್ರ ನೋಡಿ, ಉಳಿದದ್ದು ಇಲ್ಲವೇ ಇಲ್ಲ ಎಂದು ವಾದಿಸಬಹುದು. ಮುಚ್ಚದೆ ಬಿಟ್ಟ ಡಿಸ್ಕಿನಲ್ಲಿ ಪರಿವಿಡಿ ಪೂರ್ತಿಯಾಗಿರುವುದಿಲ್ಲ. ಬರೆಯುವ ಡ್ರೈವ್‌ಗಳಿಗೆ ಅದನ್ನು ಹುಡುಕುವುದು ಗೊತ್ತು, ಬರೀ ಓದುವ ಡ್ರೈವ್‌ಗಳಿಗೆ ಗೊತ್ತಿಲ್ಲ. ಜಾಗ ಉಳಿದಿದೆ ಎಂಬ ಜಿಪುಣತನಕ್ಕೆ ಮರುಳಾಗದೆ ಮುಚ್ಚಿಬಿಡಿ.

ವೇಗದ ಬಗ್ಗೆಯೂ ಒಂದು ಹಳೆಯ ನಂಬಿಕೆ ಇದೆ: ನಿಧಾನವಾಗಿ ಬರೆದಷ್ಟೂ ಒಳ್ಳೆಯದು ಎಂದು. ನಾಲ್ಕು ಪಟ್ಟಿನ ಡಿಸ್ಕ್‌ಗಳಿದ್ದ ಕಾಲಕ್ಕೆ ಅದು ಸರಿ. 52 ಪಟ್ಟಿನ ವೇಗಕ್ಕೆಂದು ತಯಾರಿಸಿದ ಡಿಸ್ಕನ್ನು ಬಹಳ ನಿಧಾನವಾಗಿ ಸುಟ್ಟರೆ ಬರಹ ಕೆಡುವುದೂ ಉಂಟು. 16ರ ಆಸುಪಾಸು ನನಗೆ ಕೈ ಕೊಟ್ಟಿಲ್ಲ. 52ಕ್ಕೆ ಹೋದಾಗ ಕೊಟ್ಟಿದೆ.

ಮ್ಯಾಕ್ ಬಗ್ಗೆ ಕೇಳುವವರಿಗೆ: ಮ್ಯಾಕ್ ಓಎಸ್ 9ರಂತಹ ಹಳೆಯ ಯಂತ್ರಗಳು ಐಎಸ್‌ಒ 9660 ಓದುತ್ತವೆ, ಪಠ್ಯ ಮತ್ತು ಚಿತ್ರಗಳಿಗೆ ಅಷ್ಟು ಸಾಕು. ಹಳೆಯ ಮ್ಯಾಕ್ ಪ್ರೋಗ್ರಾಮುಗಳನ್ನು ಸಾಗಿಸುವುದಾದರೆ ಮಾತ್ರ ಎಚ್‌ಎಫ್‌ಎಸ್ ವಿನ್ಯಾಸ ಬೇಕು, ಇಲ್ಲವಾದರೆ ಪ್ರೋಗ್ರಾಮಿನ ಅರ್ಧ ಭಾಗವೇ ಉದುರಿ ಹೋಗುತ್ತದೆ. ಅದನ್ನು ಹೊಸ ಮ್ಯಾಕಿನಲ್ಲಿ ಮಾಡಲು ಹೋಗಬೇಡಿ. 2019ರ ಕೆಟಲೀನಾದಿಂದ ಆಚೆಗೆ ಮ್ಯಾಕ್‌ಓಎಸ್ ಹಳೆಯ ಎಚ್‌ಎಫ್‌ಎಸ್ ಅನ್ನು ಓದುವುದನ್ನೂ ಬಿಟ್ಟಿದೆ.

ಇನ್ನು ಸಿ.ಡಿ.ಯಿಂದಲೇ ಕಂಪ್ಯೂಟರ್ ಶುರುವಾಗಬೇಕು ಎನ್ನುವವರು. ಅದಕ್ಕೆ ಎಲ್ ಟೊರಿಟೊ ಎಂಬ ನಿಯಮ ಬಂದದ್ದು 1995ರಲ್ಲಿ. ಅದಕ್ಕೂ ಹಿಂದಿನ ಮದರ್‌ಬೋರ್ಡಿಗೆ ಸಿ.ಡಿ.ಯಿಂದ ಏಳಲು ಬರುವುದಿಲ್ಲ, ಬೂಟ್ ಫ್ಲಾಪಿ ಬೇಕೇ ಬೇಕು. ವಿಂಡೋಸ್ 98ರ ಸ್ಟಾರ್ಟ್‌ಅಪ್ ಫ್ಲಾಪಿಯಲ್ಲಿ ಸಿ.ಡಿ. ಡ್ರೈವರ್ ಇರುತ್ತದೆ, ಒಂದನ್ನು ಜೋಪಾನ ಮಾಡಿ ಇಟ್ಟುಕೊಳ್ಳಿ. ಡಾಸ್ ಮಾತ್ರ ಇರುವ ಯಂತ್ರದಲ್ಲಿ ಸಿ.ಡಿ. ಕಾಣಲು ಎರಡು ತುಂಡುಗಳು ಕೂಡಬೇಕು: ಕಾನ್ಫಿಗ್ ಕಡತದಲ್ಲಿ ಡ್ರೈವಿನ ಡ್ರೈವರ್, ಆಟೋಎಕ್ಸೆಕ್ ಕಡತದಲ್ಲಿ ಎಂಎಸ್‌ಸಿಡೆಕ್ಸ್ ಎಂಬ ಪ್ರೋಗ್ರಾಮು. ಎರಡರಲ್ಲೂ ಕೊಟ್ಟ ಸಾಧನದ ಹೆಸರು ಒಂದೇ ಆಗಿರಬೇಕು. ಡಿಸ್ಕ್ ಕೆಟ್ಟಿದೆ ಎಂದು ನನಗೆ ಬಂದ ಒಂದು ದೂರಿಗೆ ಕಾರಣ ಆ ಹೆಸರಿನಲ್ಲಿ ತಪ್ಪಿದ್ದ ಒಂದಕ್ಷರ.

ಹೊರಡುವ ಮುನ್ನ

ಬರೆದ ಡ್ರೈವಿನಲ್ಲೇ ಪರೀಕ್ಷೆ ಮಾಡಿದರೆ ಅದು ತನ್ನ ಉತ್ತರ ಪತ್ರಿಕೆಗೆ ತಾನೇ ಅಂಕ ಹಾಕಿಕೊಂಡಂತೆ. ಇನ್ನೊಂದು ಕಂಪ್ಯೂಟರಿನ, ಸಾಧ್ಯವಾದರೆ ಹಳೆಯದರ ಡ್ರೈವಿನಲ್ಲಿ ಹಾಕಿ ಎಲ್ಲ ಕಡತಗಳನ್ನೂ ಹಾರ್ಡ್ ಡಿಸ್ಕಿಗೆ ನಕಲು ಮಾಡಿ ನೋಡಿ. ಹೆಸರುಗಳ ಪಟ್ಟಿ ಕಂಡ ಮಾತ್ರಕ್ಕೆ ಸಮಾಧಾನ ಬೇಡ. ಪಟ್ಟಿ ಇರುವುದು ಡಿಸ್ಕಿನ ಆರಂಭದಲ್ಲಿ, ತೊಂದರೆ ಇರುವುದು ಕೊನೆಯಲ್ಲಿ.

ಮೇಲೆ ಕಾಗದದ ಚೀಟಿ ಅಂಟಿಸಬೇಡಿ. ಡಿಸ್ಕ್ ತಿರುಗುವಾಗ ಚೀಟಿ ಒಂದು ಕಡೆ ಭಾರವಾಗಿ ಅದುರುತ್ತದೆ, ಬೇಸಿಗೆಯಲ್ಲಿ ಅಂಟು ಬಿಟ್ಟು ಡ್ರೈವಿನೊಳಗೇ ಸುರುಳಿ ಸುತ್ತುತ್ತದೆ. ಸಿ.ಡಿ.ಗೆಂದೇ ಬರುವ ನೀರಿನ ಶಾಯಿಯ ಪೆನ್ನಿನಿಂದ ನಡುವಿನ ಪಾರದರ್ಶಕ ಉಂಗುರದ ಮೇಲೆ ಎರಡಕ್ಷರ ಬರೆದರೆ ಸಾಕು. ಹೊಳೆಯುವ ಅಡಿಭಾಗಕ್ಕೆ ಗೀರು ಬೀಳದಂತೆ ಎಲ್ಲರೂ ಕಾಯುತ್ತಾರೆ. ಆದರೆ ಸಿ.ಡಿ.ಯ ಮಾಹಿತಿಯ ಪದರ ಇರುವುದು ಮೇಲಿನ ಹೆಸರಿನ ಬದಿಗೆ ಅಂಟಿಕೊಂಡು, ತೆಳುವಾದ ಮೆರುಗಿನ ಅಡಿಯಲ್ಲಿ. ಅಲ್ಲಿ ಬಿದ್ದ ಗೀರು ವಾಸಿಯಾಗುವುದಿಲ್ಲ.

ಅಲ್ಲಿಗೆ ಹೋದ ಮೇಲೆ

ಡ್ರೈವ್ ಮಾಡುವ ಸದ್ದಿನಿಂದಲೇ ಬಹಳಷ್ಟು ತಿಳಿಯುತ್ತದೆ. ಮತ್ತೆ ಮತ್ತೆ ತಿರುಗಲು ಹೊರಟು ನಿಲ್ಲುತ್ತಿದ್ದರೆ ಅದಕ್ಕೆ ಪರಿವಿಡಿಯೇ ಸಿಗುತ್ತಿಲ್ಲ: ಡಿಸ್ಕ್ ಮುಚ್ಚಿಲ್ಲ, ಆರ್‌ಡಬ್ಲ್ಯು ಆಗಿದೆ, ಅಥವಾ ಮಸೂರದ ಮೇಲೆ ಧೂಳಿದೆ. ಅದೇ ಡ್ರೈವಿಗೆ ಅಂಗಡಿಯ ಅಚ್ಚಿನ ಸಿ.ಡಿ.ಯೊಂದನ್ನು ಹಾಕಿ, ಅದನ್ನೂ ಓದದಿದ್ದರೆ ತಪ್ಪು ನಿಮ್ಮದಲ್ಲ. ಡಿಸ್ಕಿನ ಹೆಸರು ಕಾಣುತ್ತದೆ, ಒಳಗೆ ಏನೂ ಇಲ್ಲ ಎಂದಾದರೆ ಯುಡಿಎಫ್ ಅಥವಾ ಮಲ್ಟಿಸೆಷನ್ ಮೇಲೆ ಅನುಮಾನ ಪಡಿ. ನಕಲು ಮಾಡುವಾಗ ಕೊನೆಯ ಕೆಲವು ಕಡತಗಳಲ್ಲಿ ಸಿಕ್ಕಿಬಿದ್ದರೆ ಹೊರ ಅಂಚಿನ ಸಮಸ್ಯೆ. ಮೃದುವಾದ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ ನೋಡಿ, ರಂಗೋಲಿ ಬಿಡಿಸಿದ ಹಾಗೆ ವೃತ್ತಾಕಾರದಲ್ಲಿ ಒರೆಸಬೇಡಿ.

ನಾಲ್ಕನೆಯ ಸಿ.ಡಿ. ಆ ಮುದ್ರಣಾಲಯದಲ್ಲಿ ಹಾಕಿದ ತಕ್ಷಣ ಓದಿತು. ಕಡತಗಳೆಲ್ಲ ನಕಲಾದವು, ಪೇಜ್‌ಮೇಕರ್ ತೆರೆಯಿತು, ಒತ್ತಕ್ಷರಗಳು ಜಾಗದಲ್ಲಿದ್ದವು. ಚಹಾ ಕುಡಿದು ಬಸ್ ಹತ್ತಿದೆ. ಮೂರನೆಯ ತಿರುವು ದಾಟುವ ಮುನ್ನ ಮಾಲೀಕರ ಫೋನ್: ತಿದ್ದಿದ ಪುಟ ಉಳಿಸಲು ಆಗುತ್ತಿಲ್ಲವಂತೆ, ಸಿ.ಡಿ. ಕೆಟ್ಟದ್ದು ಕೊಟ್ಟಿದ್ದೀರಿ ಎಂದರು. ವಿಂಡೋಸ್ 98ರಲ್ಲಿ ಸಿ.ಡಿ.ಯಿಂದ ನಕಲು ಮಾಡಿದ ಪ್ರತಿಯೊಂದು ಕಡತಕ್ಕೂ ‘ಓದಲು ಮಾತ್ರ’ ಎಂಬ ಗುರುತು ಅಂಟಿಕೊಂಡೇ ಬರುತ್ತದೆ; ಆಮೇಲೆ ಬಂದ ವಿಂಡೋಸ್‌ಗಳಲ್ಲಿ ಅದು ತಾನಾಗಿ ಕಳಚುತ್ತದೆ, ನಾನು ಮರೆತೇಬಿಟ್ಟಿದ್ದೆ. ಎಲ್ಲ ಕಡತಗಳನ್ನೂ ಒಟ್ಟಿಗೆ ಆರಿಸಿ, ಬಲಗಡೆಯ ಗುಂಡಿ ಒತ್ತಿ, ಪ್ರಾಪರ್ಟೀಸ್‌ನಲ್ಲಿ ರೀಡ್-ಓನ್ಲಿ ಎಂಬ ಗುರುತು ತೆಗೆಯಿರಿ ಎಂದು ಬಸ್ಸಿನ ಗದ್ದಲದಲ್ಲೇ ಕೂಗಿ ಹೇಳಿದೆ. ಪಕ್ಕದಲ್ಲಿ ಕೂತಿದ್ದವರು ನನ್ನನ್ನೇ ನೋಡುತ್ತಿದ್ದರು. ಅತ್ತ ಕಡೆಯಿಂದ ಕೀಲಿಮಣೆಯ ಸದ್ದು, ಆಮೇಲೆ ‘ಹಾಂ, ಬಂತು’ ಎಂಬ ಒಂದು ಮಾತು, ಫೋನ್ ಇಟ್ಟರು.